ಬಿಟ್ಟ ಐದು ಕಪಾಟು

ಗಾಳೆಪ್ಪ ಮಾಡಿದ ತಪ್ಪು ಇಷ್ಟೇ. ಬೆಳಿಗ್ಗೆ ಒಂಬತ್ತೂವರೆಗೆ ಒಂದು ಹಾಳೆಯ ಮೇಲೆ ಐದು ಹೆಸರು ಬರೆದು, ಮೇಲೆ 'ಇವುಗಳನ್ನು ಬಿಡಲಾಗಿದೆ' ಎಂದು ತಲೆಬರಹ ಕೊಟ್ಟು, ಆಫೀಸಿನ ನೋಟೀಸು ಬೋರ್ಡಿಗೆ ಟಾಚಣಿ ಚುಚ್ಚಿ ಹಚ್ಚಿದ. ಹತ್ತು ಗಂಟೆಯ ಹೊತ್ತಿಗೆ ಆ ಹಾಳೆಯ ಮುಂದೆ ಸಂಘದ ಮುಕ್ಕಾಲು ಮಂದಿ ನಿಂತಿದ್ದರು. ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆ ಇತ್ತು: ಬಿಡಲಿಕ್ಕೆ ಇವನ್ಯಾರು?

ಇಳಕಲ್ಲಿನ ಆ ನೇಕಾರರ ಸಂಘದಲ್ಲಿ ಬೈದರೆ ನಡೆಯುತ್ತಿತ್ತು. ಹೊಡೆದಾಡಿದರೂ ಒಂದು ಚಹಾದಲ್ಲಿ ಮುಗಿಯುತ್ತಿತ್ತು. ಬಿಟ್ಟರೆ ಮಾತ್ರ ಮುಗಿಯುತ್ತಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟರೆಂದು ಖಾಸಾ ತಮ್ಮನ ಮಗನ ಮದುವೆಗೇ ಹೋಗದೆ, ಅದೇ ದಿನ ಮನೆಯಲ್ಲಿ ಹಟಕ್ಕೆ ಹೋಳಿಗೆ ಮಾಡಿಸಿಕೊಂಡು ಉಂಡ ಮಹಾನುಭಾವರು ಅಲ್ಲಿದ್ದರು. ಅಂಥವರ ಕಣ್ಣೆದುರು ಬಿಟ್ಟವರ ಪಟ್ಟಿ ಹಚ್ಚಿದ್ದು ಗಾಳೆಪ್ಪನ ಮೂರ್ಖತನವೇ ಸರಿ. ಆದರೆ ಹಚ್ಚದೆ ಗತ್ಯಂತರವಿರಲಿಲ್ಲ. ಆಫೀಸಿನಲ್ಲಿ ಏನೇ ಮಾಡಿದರೂ ಮೊದಲು ಬೋರ್ಡಿಗೆ ಹಚ್ಚಬೇಕೆಂದು ಸಂಘದ ಉಪಾಧ್ಯಕ್ಷ ಅಂದಪ್ಪ ಒಂದು ನಿಯಮ ಮಾಡಿದ್ದ. ಆ ನಿಯಮವನ್ನೂ ಬೋರ್ಡಿಗೆ ಹಚ್ಚಿದ್ದ.

ಅದು ಎಂಬತ್ತೆಂಟನೆಯ ಇಸವಿ. ಸಂಘಕ್ಕೆ ಕಂಪ್ಯೂಟರ್ ಬಂದು ಒಂದು ವರ್ಷವಾಗಿತ್ತು. ಒಂದು ದೊಡ್ಡ ಡಬ್ಬ, ಅದಕ್ಕೆ ವೈರಿನಿಂದ ಕಟ್ಟಿದ ನಾಲ್ಕು ಪರದೆಗಳು. ಹುಬ್ಬಳ್ಳಿಯ ಇಂಜಿನಿಯರ್ ಜಹಾಂಗೀರ ಆ ಡಬ್ಬವನ್ನು ಸರ್ವರ್ ಎನ್ನುತ್ತಿದ್ದ. ಪ್ಯೂನ್ ಅಮಾತೆಪ್ಪ ಅದನ್ನು ತಿಜೋರಿ ಎನ್ನುತ್ತಿದ್ದ. ಪೂಜೆಯ ದಿನ ತೆಂಗಿನಕಾಯಿಯ ನೀರು ಒಳಗೆ ಇಳಿದದ್ದರಿಂದಲೋ ಏನೋ, ಅದರ ಡಿಸ್ಕು ಮೊದಲಿನಿಂದಲೂ ಗೊರಗೊರ ಅನ್ನುತ್ತಿತ್ತು. ಹೋದ ವಾರ ಆ ಸದ್ದು ಪಕ್ಕದ ಕೋಣೆಗೂ ಕೇಳತೊಡಗಿತು. ಸುದ್ದಿ ತಿಳಿದ ಜಹಾಂಗೀರ, ಇದು ಸಾಯುವ ಲಕ್ಷಣ ಎಂದು ಆಪರೇಟರ್ ಗಾಳೆಪ್ಪನಿಗೆ ಪತ್ರ ಬರೆದ. ಬುಧವಾರ ಮೂರು ಗಂಟೆಗೆ ಹೊಸ ಡಿಸ್ಕು ತರುತ್ತೇನೆ, ಅದಕ್ಕೂ ಮೊದಲು ಒಳಗಿದ್ದದ್ದನ್ನು ಟೇಪಿಗೆ ಇಳಿಸಿಡು. ಟೇಪಿಗೆ ಬಂದದ್ದು ಉಳಿಯಿತು, ಬಾರದೆ ಇದ್ದದ್ದು ಹೋಯಿತು. ಇವತ್ತೇ ಆ ಬುಧವಾರ.

ಟೇಪು ಇದ್ದದ್ದು ಒಂದೇ. ಅದರಲ್ಲಿ ಎಲ್ಲವೂ ಹಿಡಿಸುವ ಹಾಗಿರಲಿಲ್ಲ. ಆದ್ದರಿಂದ ಏನನ್ನು ಬಿಡಬೇಕೆಂದೂ ಜಹಾಂಗೀರನೇ ಬರೆದಿದ್ದ. ಯಂತ್ರದೊಳಗೆ ಡೈರೆಕ್ಟರಿ ಎಂಬ ಕಪಾಟುಗಳಿರುತ್ತವೆ. ಆಫೀಸಿನ ಒಬ್ಬೊಬ್ಬರಿಗೂ ಒಂದೊಂದು ಕಪಾಟು, ಅವೆಲ್ಲ ಟೇಪಿಗೆ ಹೋಗಲೇಬೇಕು. ಐದು ಮಾತ್ರ ಯಂತ್ರದ ಸ್ವಂತ ಬಳಕೆಯವು, ಹೊಸ ಡಿಸ್ಕು ಹಾಕಿದಾಗ ಅವು ತಾವಾಗಿಯೇ ಹುಟ್ಟುತ್ತವೆ. ಗಾಳೆಪ್ಪ ಅವನ್ನೇ, ಯಾರಿಗೂ ಸಂಶಯ ಬಾರದಿರಲೆಂದು ಕಾರಣದ ಸಮೇತ ಬರೆದಿದ್ದ. 'ಡೆವ್: ಸಾಮಾನಲ್ಲ, ಬರೀ ಬಾಗಿಲುಗಳು. ಟೆಂಪ್: ಕಚ್ಚಾ ಕಾಗದ. ಮೌಂಟ್: ಖಾಲಿ. ಲಾಸ್ಟ್ ಅಂಡ್ ಫೌಂಡ್: ಕರೆಂಟು ಹೋದಾಗ ಉದುರಿದ ಚೂರುಗಳು. ಸ್ಪೂಲ್: ಪ್ರಿಂಟರಿನ ಮುಂದೆ ಸರದಿ ನಿಂತ ಕಾಗದ, ಹೇಗೂ ಹಾಳೆಗೆ ಬರುತ್ತದೆ.' ಕೆಳಗೆ 'ಗಾಳೆಪ್ಪ, ಆಪರೇಟರ್, ಇಳಕಲ್' ಎಂದು ಹಾಕಿದ್ದ. ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಇದನ್ನೇ ಇಂಗ್ಲಿಷಿನಲ್ಲಿ ಬಡಿದು ತನ್ನ ಕಪಾಟಿನಲ್ಲೂ ಒಂದು ಪ್ರತಿ ಇಟ್ಟಿದ್ದ.

ಆ 'ಇಳಕಲ್' ಎಂಬ ಶಬ್ದ ಬರೆಯುವಾಗಲೆಲ್ಲ ಗಾಳೆಪ್ಪ ಹಲ್ಲು ಕಡಿಯುತ್ತಿದ್ದ. ಊರಿನ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಆದರೆ ಹೆಂಡತಿ ಶಾರವ್ವ ಬಾದಾಮಿಯಲ್ಲಿ ಸಾಲಿ ಟೀಚರು. ಮದುವೆಯಾಗಿ ಮೂರು ವರ್ಷ, ಸಂಸಾರ ಮಾಡಿದ್ದೆಲ್ಲ ಭಾನುವಾರ. ಶನಿವಾರ ಸಂಜೆ ಅಮೀನಗಡದ ಮೇಲೆ ಹೋಗುವ ಬಸ್ಸು ಹಿಡಿದು ಮನೆ ಮುಟ್ಟುವುದು, ಸೋಮವಾರ ನಸುಕಿನಲ್ಲಿ ಎದ್ದು ಓಡುವುದು. ಈಗ ಅವಳಿಗೆ ಏಳು ತಿಂಗಳು. ಹೋದ ಭಾನುವಾರ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದಳು:

"ಬಾದಾಮಿ ಬ್ರಾಂಚಿಗೆ ಹಾಕ್ಸಿಕೊಂಡ ಬರ್ತೇನಿ ಅನ್ನಾಕ ಹತ್ತಿ ಎರಡ ವರ್ಷ ಆತು. ಇನ್ನ ಬರೂದಾದ್ರ ಶಂಕ್ರಪ್ಪನವರ ಸಹಿ ಇದ್ದ ಕಾಗದಾ ಹಿಡ್ಕೊಂಡ ಬರ್ರಿ. ಇಲ್ಲಂದ್ರ ಬರಬ್ಯಾಡ್ರಿ. ಕೂಸಿಗೆ ನಿಮ್ಮ ಫೋಟೋ ತೋರಸ್ತೇನಿ, ಇವರ ನಿಮ್ಮಪ್ಪ ಅಂತ."

ಶಂಕ್ರಪ್ಪನವರು ಸಂಘದ ಅಧ್ಯಕ್ಷರು. ಅದೂ ಇವತ್ತು ಸಂಜೆ ಐದರವರೆಗೆ. ಐದು ಗಂಟೆಗೆ ಅವರ ಅವಧಿ ಮುಗಿದು ಕುರ್ಚಿ ಅಂದಪ್ಪನಿಗೆ ಹೋಗುವುದಿತ್ತು. ಹುನಗುಂದದಲ್ಲಿ ಅವರಿಗೆ ಸತ್ಕಾರ, ಅಲ್ಲಿಂದ ಹಾಗೆಯೇ ಶ್ರೀಶೈಲಕ್ಕೆ ಪಾದಯಾತ್ರೆ. ಹತ್ತಕ್ಕೆ ಬಂದವರು ಬೋರ್ಡಿನ ಮುಂದಿನ ಗದ್ದಲದ ಕಡೆ ನೋಡದೆ ಗಾಳೆಪ್ಪನನ್ನು ಬದಿಗೆ ಕರೆದರು.

"ಗಾಳೆಪ್ಪಾ, ನಿನ್ನ ವರ್ಗಾದ ಆರ್ಡರ್ ಗುಲಾಬಬಿಗೆ ಹೇಳಿ ಈಗ ಬಡಸೇನಿ. ಪ್ರಿಂಟರಿನ ರಿಬ್ಬನ್ ಹರದೈತಂತಲ್ಲ?"

"ಹೌದ್ರಿ, ಹರದು ಮೂರ ದಿನ ಆತ್ರಿ. ಆವಾಗಿಂದ ಯಾರೂ ಪ್ರಿಂಟಿಗೆ ಏನೂ ಕಳಿಸಿಲ್ರಿ. ಜಹಾಂಗೀರ ಬರೂವಾಗ ಹೊಸಾದು ತರ್ತಾನ್ರಿ."

"ಆತು. ಲೆಟರ್‌ಹೆಡ್ಡಿನ ಕೆಳಗ ಮುಂಚೇನ ಸಹಿ ಹಾಕಿಟ್ಟೇನಿ. ರಿಬ್ಬನ್ ಬಂತಂದ್ರ ಅದರ ಮ್ಯಾಲ ಆರ್ಡರ್ ತಗೊಂಡು ಬಾದಾಮಿ ಬಸ್ಸು ಹತ್ತು. ಆದ್ರ ಒಂದ ಮಾತು. ಈ ಡಿಸ್ಕ್ ಬದ್ಲಿ ಮಾಡೂವಾಗ ಮಂದೀದು ಒಂದ ಸಾಲೂ ಕಳೀಬಾರ್ದು. ಕಳೀತಂದ್ರ ಆ ಹಾಳಿ ಹರದ ಒಗಿ ಅಂತ ಅಂದಪ್ಪಗ ಹೇಳೇನಿ."

ಖಾಲಿ ಹಾಳೆಗೆ ಸಹಿ ಹಾಕಿಡುವುದು ಆ ಆಫೀಸಿನ ಹಳೆಯ ಪದ್ಧತಿ. ಅಧ್ಯಕ್ಷರು ಊರಿಗೆ ಹೋಗುವ ಮುನ್ನ ಹತ್ತು ಹಾಳೆಗಳ ಬುಡಕ್ಕೆ ಸಹಿ ಗೀಚುತ್ತಿದ್ದರು, ಮೇಲಿನ ಮಾತನ್ನು ಆಫೀಸು ತುಂಬಿಕೊಳ್ಳುತ್ತಿತ್ತು. ಇದು ಕೊನೆಯ ದಿನವಾದ್ದರಿಂದ ಒಂದೇ ಹಾಳೆಗೆ ಹಾಕಿದ್ದರು. ಟೈಪ್‌ರೈಟರುಗಳನ್ನು ಕಂಪ್ಯೂಟರ್ ಬಂದ ವಾರವೇ ಬಾಗಲಕೋಟೆಯ ಶಾಖೆಗೆ ದಾಟಿಸಿದ್ದರು. ಟೈಪಿಸ್ಟ್ ಗುಲಾಬಬಿ ಆ ಒಂದು ಹಾಳೆಯನ್ನು ಸುಕ್ಕಾಗದ ಹಾಗೆ ಪ್ರಿಂಟರಿಗೇ ಸಿಕ್ಕಿಸಿಟ್ಟಿದ್ದಳು. ರಿಬ್ಬನ್ ಬಂದ ಮೇಲೆ ಗಾಳೆಪ್ಪನಿಗೆ ತಡವಾಗಬಾರದೆಂಬ ಒಳ್ಳೆಯ ಮನಸ್ಸು ಅವಳದು.

ಶಂಕ್ರಪ್ಪನವರ ಜೀಪು ಹುನಗುಂದದ ದಾರಿ ಹಿಡಿಯಿತು. ಗಾಳೆಪ್ಪ ಯಂತ್ರದ ಮುಂದೆ ಕೂತು ಅಳೆದು ನೋಡಿದ. ಐದನ್ನು ಬಿಟ್ಟರೂ ಸಾಮಾನು ಟೇಪಿಗಿಂತ ಕೊಂಚ ಹೆಚ್ಚಾಗುತ್ತಿತ್ತು. ಯಾಕೆಂದು ಹುಡುಕಿದರೆ, ಪ್ರಿಂಟಿಗೆ ಕಳಿಸಿದ ಪ್ರತಿ ಕಾಗದದ ಮೂಲವನ್ನೂ ಜನ ತಮ್ಮ ತಮ್ಮ ಕಪಾಟಿನಲ್ಲಿ ವರ್ಷದಿಂದ ಕೂಡಿಟ್ಟಿದ್ದರು. ಅವನ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ಬೋರ್ಡಿನ ಮುಂದಿನ ಜಾತ್ರೆಗೆ ಕೇಳುವ ಹಾಗೆ ಕೂಗಿದ:

"ಪ್ರಿಂಟಿಗೆ ಕಳಿಸಿದ್ದನ್ನ ಯಾಕ ಇಟ್ಕೊಂಡ ಕುಂತೀರಿ? ಕಳಿಸಿದ್ರ ಮುಗೀತು, ಅಳಿಸ್ರಿ! ಅರ್ಧಾ ತಾಸಿನ್ಯಾಗ ಯಾರ ಕಪಾಟಿನಾಗರ ಅಂಥಾದ್ದೊಂದ ಕಾಗದಾ ಕಂಡ್ರ ನಾ ಪೂರಾ ಕಪಾಟಾ ಅಳಸ್ತೇನಿ!"

ಗಾಳೆಪ್ಪ ಹಾಗೆ ಕೂಗಿದ್ದನ್ನು ಯಾರೂ ಕಂಡಿರಲಿಲ್ಲ. ಗುಲಾಬಬಿ ಏನೋ ಕೇಳಲು ಬಾಯಿ ತೆರೆದಳು, ಅವನ ಮುಖ ನೋಡಿ ಮುಚ್ಚಿದಳು. ಎಲ್ಲರೂ ಪರದೆಗಳ ಮುಂದೆ ಸರದಿ ಹಚ್ಚಿ ಅಳಿಸಿದರು. ಅಳಿಸಿ ಎದ್ದವರು ಸೀದಾ ಮತ್ತೆ ಬೋರ್ಡಿನ ಮುಂದೆ ಹೋಗಿ ನಿಂತರು.

ಮೊದಲು ಒಳಗೆ ಬಂದವನು ಚಮನಸಾಬ. ಮೂವತ್ತು ವರ್ಷದಿಂದ ಸೀರೆಯ ಡಿಸೈನು ಬರೆಯುತ್ತಿದ್ದ ಮಾಸ್ತರ.

"ಗಾಳೆಪ್ಪಾ, ಹೋದ ತಿಂಗಳ ಕರೆಂಟ್ ಹೋದಾಗ ನನ್ನ ತೋಪ ತೆನಿ ಡಿಸೈನ್ ಸೆರಗಿನ ಎಳಿ ಲೆಕ್ಕದ ಪಟ್ಟಿ ಕಳೀತು. ಇನ್ನ ಸಿಗಂಗಿಲ್ಲ ಅಂತ ನೀನ ಅಂದಿ. ಈಗ ನೋಡಿದ್ರ ಕಳದದ್ದು ಸಿಕ್ಕದ್ದು ಅಂತ ಒಂದ ಕಪಾಟಾನ ಐತಿ. ಅದನ್ನ ಮುಚ್ಚಿಟ್ಟದ್ದಲ್ಲದ ಈಗ ಬಿಡಾಕ ನಿಂತೀಯಲ್ಲ!"

"ಚಮನಸಾಬ್ರ, ಅದರಾಗ ಬರೇ ಚೂರು ಅದಾವ್ರಿ. ತಲಿ ಇಲ್ಲ, ಬುಡ ಇಲ್ಲ."

"ಚೂರಾದ್ರ ಏನಾತು? ನಾ ನೇಕಾರ ಅದೇನಿ. ಹರದ ಎಳಿ ಕೂಡ್ಸೂದ ನನ್ನ ಕಸಬು."

ಅವನು ಹೋಗುವಷ್ಟರಲ್ಲಿ ಅಮಾತೆಪ್ಪ ಚಹಾದ ಕೆಟಲು ಹಿಡಿದು ಬಂದ. ಚಹಾ ಬಗ್ಗಿಸುವ ಮುಂಚೆ ಕೇಳಿದ:

"ಸಾಹೇಬ್ರ, ಆ ಮೂರನೇದ್ದು ಖಾಲಿ ಅಂತ ಬರದೀರಿ."

"ಖಾಲೀನ, ಕಾಕಾ. ಬ್ಯಾರೆ ಡಿಸ್ಕ್ ತಂದ್ರ ಸಿಗಿಸಾಕ ಇರೂ ಗೂಟ ಅದು. ಅದರಾಗ ಏನೂ ಇಲ್ಲ."

"ಏನೂ ಇಲ್ಲಂದ್ರ ಒಯ್ಯಾಕ ಏನ್ ಭಾರ ಆಕ್ಕೈತ್ರಿ? ತುಂಬಿದ್ದನ್ನ ಬಿಟ್ರ ನಾ ಕೇಳತಿದ್ದಿಲ್ಲ. ಏನೂ ಇಲ್ಲದಾವ್ರನ್ನ ಕಂಡ್ರ ಎಲ್ಲಾರೂ ಬಿಡಾವ್ರ."

ಅಮಾತೆಪ್ಪ ಚಹಾ ಬಗ್ಗಿಸದೆ ಕೆಟಲು ಹಿಡಿದುಕೊಂಡೇ ಹೊರಟುಹೋದ.

ಆಮೇಲೆ ಅಂದಪ್ಪ ಬಂದ. ಸಂಜೆಯ ಹಾರಕ್ಕೆ ಈಗಲೇ ಕೊರಳು ಉದ್ದ ಮಾಡಿಕೊಂಡು ಓಡಾಡುತ್ತಿದ್ದ ಮನುಷ್ಯ. ಪಟ್ಟಿಯನ್ನು ಬೋರ್ಡಿನಿಂದ ಕಿತ್ತೇ ತಂದಿದ್ದ.

"ಏನಲೇ ಇದು? ಬಾಗಲಾ ಬಿಟ್ಟು ಮನಿ ಒಯ್ತಿ? ಡ್ಯಾಮಿನ ಮುಳುಗಡಿ ಊರಾಗ ಹೋಗಿ ನೋಡು. ನಮ್ಮ ಬೀಗರ ಮನಿ ಹೊಸ್ತಿಲಕ್ಕ ನೀರ ಬಂದಿತ್ತು, ಆದ್ರೂ ಚೌಕಟ್ಟ ಸಮೇತ ಬಾಗಲಾ ಕಿತ್ಕೊಂಡ ಬಂದ್ರು. ಗ್ವಾಡಿ ಬಿಟ್ರು, ಬಾಗಲಾ ಬಿಡಲಿಲ್ಲ."

"ಹೊಸಾ ಡಿಸ್ಕಿಗೆ ಹೊಸಾ ಬಾಗಲಾ ಬರ್ತಾವ್ರಿ, ಉಪಾಧ್ಯಕ್ಷರ."

"ಹೊಸಾವು ಎಂಥಾ ಕಟಗೀವೋ ಏನೋ! ಹಳೇವು ಸಾಗವಾನಿ ಇದ್ರ?" ಅಂದಪ್ಪ ದನಿ ತಗ್ಗಿಸಿದ. "ಅದ ಇರಲಿ. ಆ ಟೆಂಪಿನ್ಯಾಗ ನಮ್ಮ ಶಿವಬಸವ್ವನ ಲಗ್ನದ ಪಟ್ಟಿ ಐತಿ. ಆರನೂರಾ ನಲವತ್ತ ಮನಿ ಹೆಸರು. ಒಂದ ಹೆಸರ ಬಿಟ್ರೂ ನಾ ಊರಾಗ ತಿರಗ್ಯಾಡಂಗಿಲ್ಲ."

"ಅದನ್ನ ಟೆಂಪಿನ್ಯಾಗ ಯಾಕ ಇಟ್ರಿ? ನಿಮಗ ಸ್ವಂತ ಕಪಾಟಾ ಕೊಟ್ಟಿಲ್ಲೇನ್ರಿ?"

"ಸ್ವಂತದ್ದರಾಗ ಇಟ್ರ ಮಂದಿ ನೋಡೂದ ಹೆಂಗ? ಟೆಂಪ್ ಅಂದ್ರ ಅಗಸಿ ಕಟ್ಟಿ ಇದ್ದಂಗ. ಯಾರ ಬೇಕಾದ್ರೂ ಬಂದು ತಮ್ಮ ಹೆಸರ ಐತೋ ಇಲ್ಲೋ ನೋಡ್ಕೊಂಡ ಹೋಗ್ತಾರ."

ಗಾಳೆಪ್ಪ ಹಲ್ಲು ಕಚ್ಚಿ ಆ ಲಗ್ನದ ಪಟ್ಟಿಯನ್ನು ಅಂದಪ್ಪನ ಸ್ವಂತ ಕಪಾಟಿಗೆ ಎತ್ತಿಟ್ಟ. ಚಮನಸಾಬನ ಚೂರುಗಳನ್ನೂ, ಹಾಳಾಗಿ ಹೋಗಲಿ ಎಂದು, ಅವನ ಕಪಾಟಿಗೆ ಸುರಿದ. ಎರಡು ನಿಮಿಷದ ಕೆಲಸ. ಇಲ್ಲಿಗೆ ಮುಗಿಯಬೇಕಿತ್ತು. ತಲೆ ಇದ್ದವರಿಗಾದರೆ ಮುಗಿಯುತ್ತಿತ್ತು.

"ನನ್ನ ಪಟ್ಟಿ ಬಂತು, ಖರೆ," ಎಂದ ಅಂದಪ್ಪ. "ಆದ್ರ ಟೆಂಪ್ ಬಿಟ್ರು ಅನ್ನೂ ಮಾತ ಉಳೀತಲ್ಲ? ನಾಳೆ ಮಂದಿ ನನ್ನ ಕೇಳ್ತಾರ, ನಿನ್ನ ಕಪಾಟಾ ಬಂತು, ನಮ್ಮ ಟೆಂಪ್ ಯಾಕ ಬರಲಿಲ್ಲಂತ. ಮೀಟಿಂಗ್ ಕರಿ."

ಹೊರಗೆ ಬರುತ್ತಿದ್ದ ಗಾಳೆಪ್ಪನ ಎದುರು ಗುಲಾಬಬಿ ನಿಂತಳು.

"ಗಾಳೆಪ್ಪನವರ, ಪಟ್ಟಿಯಾಗ ಕಡೇದು ಸ್ಪೂಲ್ ಅಂತ ಐತೆಲ್ರಿ, ಹಂಗಂದ್ರ..."

"ನಿಮ್ಮದೂ ಶುರು ಆತೇನ್ರಿ ಬಾಯಾರ? ಅದರಾಗ ನಿಮ್ಮ ಬೀಗರು ಯಾರರ ಅದಾರೇನು? ಸುಮ್ಮ ಕುಂದರ್ರಿ!"

ಗುಲಾಬಬಿ ಹೋಗಿ ಕೂತಳು.

ಹನ್ನೊಂದೂವರೆಗೆ ಮೀಟಿಂಗ್ ಶುರುವಾಯಿತು. ಡಿಸ್ಕು ಪಕ್ಕದ ಕೋಣೆಯಲ್ಲಿ ಗೊರಗೊರ ಅನ್ನುತ್ತ ಸಾಯುತ್ತಿತ್ತು, ಇವರು ಠರಾವು ಮಾಡುತ್ತ ಕೂತಿದ್ದರು. ಒಂದೊಂದೇ ಹೆಸರು ಓದಿದರು, ಒಂದೊಂದಕ್ಕೂ ಒಬ್ಬೊಬ್ಬ ಧಣಿ ಎದ್ದುನಿಂತ. ಡೆವ್ ಪರವಾಗಿ ಅಂದಪ್ಪ, ಟೆಂಪ್ ಪರವಾಗಿ ಮತ್ತೆ ಅಂದಪ್ಪ. ಲಾಸ್ಟ್ ಅಂಡ್ ಫೌಂಡ್ ಪರವಾಗಿ ಚಮನಸಾಬ ಎಷ್ಟು ಕರುಣೆಯಿಂದ ಮಾತಾಡಿದನೆಂದರೆ ಎರಡು ಜನ ಕಣ್ಣೊರೆಸಿಕೊಂಡರು. ಖಾಲಿ ಮೌಂಟಿನ ಪರವಾಗಿ ಅಮಾತೆಪ್ಪ ಬಾಗಿಲಲ್ಲಿ ನಿಂತೇ ಮಾತಾಡಿದ, ಜೋರಾದ ಚಪ್ಪಾಳೆ ಬಿತ್ತು. ನಾಲ್ಕನ್ನೂ ಟೇಪಿಗೆ ಒಯ್ಯತಕ್ಕದ್ದು ಎಂದು ಗುಲಾಬಬಿ ಬರೆದುಕೊಂಡಳು.

"ಇನ್ನ ಸ್ಪೂಲ್," ಎಂದ ಅಂದಪ್ಪ. "ಇದರ ಪರವಾಗಿ ಯಾರ ಅದೀರಿ?"

ಯಾರೂ ಇರಲಿಲ್ಲ. ಗುಲಾಬಬಿ ಪೆನ್ಸಿಲು ಎತ್ತಿದಳು.

"ಟೈಪಿಸ್ಟ್ ಬರಕೋಬೇಕು, ಮಾತಾಡಬಾರ್ದು," ಎಂದ ಅಂದಪ್ಪ. ಅವಳು ಪೆನ್ಸಿಲು ಇಳಿಸಿದಳು.

ಗಾಳೆಪ್ಪ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ. "ಇದೊಂದನ್ನರ ಬಿಡ್ತೇನ್ರಿ! ಯಾರ ಏನ ಅಂದ್ರೂ ಬಿಡಾವನ! ಇದಕ್ಕ ಹಿಂದಿಲ್ಲ ಮುಂದಿಲ್ಲ. ಇದನ್ನ ಬಿಟ್ರ ಅಳಾವ್ರು ಈ ಆಫೀಸಿನ್ಯಾಗ ಒಬ್ರೂ ಇಲ್ಲ!"

ಸ್ಪೂಲನ್ನು ಬಿಡುವುದು ಸರ್ವಾನುಮತದಿಂದ ಪಾಸಾಯಿತು. ಅದನ್ನೂ ಗುಲಾಬಬಿಯೇ ಬರೆದುಕೊಂಡಳು.

ಹನ್ನೆರಡೂವರೆಗೆ ಗಾಳೆಪ್ಪ ಠರಾವಿನ ಪ್ರಕಾರ ಟೇಪು ಓಡಿಸಿದ. ಮೊದಲ ಹತ್ತು ನಿಮಿಷ ಸರಿಯಾಗಿತ್ತು. ಆಮೇಲೆ ಆ ಬಾಗಿಲುಗಳ ಸರದಿ ಬಂತು. ಅವುಗಳಲ್ಲಿ ಒಂದು ಡಿಸ್ಕಿಗೇ ಹೋಗುವ ಬಾಗಿಲು. ಯಂತ್ರ ಅದನ್ನು ತೆರೆದು ಒಳಗೆ ಹೊಕ್ಕು, ಇಡೀ ಡಿಸ್ಕನ್ನು ಮೊದಲಿನಿಂದ ಮತ್ತೊಮ್ಮೆ ಹೊರಗೆ ಎಳೆಯತೊಡಗಿತು. ಒಂದೂವರೆಗೆ ಟೇಪು ತುಂಬಿ ಕುಂಯ್ ಎಂದು ನಿಂತಿತು. ಅಷ್ಟರಲ್ಲಿ ಇನ್ನೂ ಯಾರ ಕಪಾಟಿನ ಕದವನ್ನೂ ಅದು ಮುಟ್ಟಿರಲಿಲ್ಲ. ಠರಾವು ಮಾಡಿದ ಮಹನೀಯರೆಲ್ಲ ಹಿಂದಿನ ಕೋಣೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಉಣ್ಣುತ್ತಿದ್ದರು.

ಗಾಳೆಪ್ಪ ಯಂತ್ರದ ಕೋಣೆಯ ಅಗಳಿ ಹಾಕಿದ. ಠರಾವಿನ ಹಾಳೆಯನ್ನು ಹರಿದು ನಾಲ್ಕು ಚೂರು ಮಾಡಿದ. ಟೇಪನ್ನು ಹಿಂದಕ್ಕೆ ಸುತ್ತಿ, ಜಹಾಂಗೀರ ಬರೆದಿದ್ದ ಐದನ್ನೂ ಬಿಟ್ಟು ಮತ್ತೆ ಓಡಿಸಿದ. ಓಡುತ್ತಿರುವಷ್ಟು ಹೊತ್ತೂ ಒಬ್ಬೊಬ್ಬರ ಹೆಸರು ಹಿಡಿದು ಬೈದ. ಮೂರು ವರ್ಷದ ಬಸ್ಸಿನ ಧೂಳು, ಖಾನಾವಳಿಯ ತಣ್ಣಗಿನ ಅನ್ನ, ಶಾರವ್ವನ ಮುಖ, ಎಲ್ಲ ಸೇರಿ ಬಾಯಿಗೆ ಬರುತ್ತಿತ್ತು. ಹೊರಗಿನಿಂದ ಅಂದಪ್ಪ ಬಾಗಿಲು ಬಡಿದ.

"ಠರಾವ ಪ್ರಕಾರ ನಡದೈತಿಲ್ಲೋ?"

"ನಡದೈತ್ರಿ!" ಎಂದು ಗಾಳೆಪ್ಪ ಒಳಗಿನಿಂದಲೇ ಗುಡುಗಿದ.

ಮೂರಕ್ಕೆ ಹತ್ತು ನಿಮಿಷವಿರುವಾಗ ಟೇಪು ಮುಗಿಯಿತು. ತುದಿಗೆ ಬೆರಳಷ್ಟು ಜಾಗ ಉಳಿದಿತ್ತು. ಲಗ್ನದ ಪಟ್ಟಿ ಬಂದಿತ್ತು, ಸೆರಗಿನ ಚೂರುಗಳು ಬಂದಿದ್ದವು, ಸದಸ್ಯರ ಹೆಸರು, ಮಗ್ಗಗಳ ನಂಬರು, ಎಲ್ಲರ ಕಪಾಟೂ ಬಂದಿತ್ತು. ಬೆಳಗಿನಿಂದ ಮೊದಲ ಸಲ ಅವನು ನಿರಾಳವಾಗಿ ಕೂತು ಒಂದು ಲೋಟ ನೀರು ಕುಡಿದ.

ಜಹಾಂಗೀರ ಹೇಳಿದ ಹೊತ್ತಿಗೆ ಬಂದ. ಆಫೀಸಿನಲ್ಲಿ ಆ ದಿನ ಹೇಳಿದ ಹೊತ್ತಿಗೆ ಬಂದವನು ಅವನೊಬ್ಬನೇ. ಬಗಲಲ್ಲಿ ಹೊಸ ಡಿಸ್ಕು, ಜೇಬಿನಲ್ಲಿ ರಿಬ್ಬನ್ನು. ಯಂತ್ರ ಆರಿಸಿದ ಕೂಡಲೇ ಹಳೆಯ ಡಿಸ್ಕು ಟಕ್ ಎಂದಿತು. ಜಹಾಂಗೀರ ಪರೀಕ್ಷೆಗೆಂದು ಮತ್ತೊಮ್ಮೆ ಹಚ್ಚಿ ನೋಡಿದ, ಅದು ಏಳಲಿಲ್ಲ.

"ಮುಗೀತು ಇದರದ್ದು. ಟೇಪಿಗೆ ಎಲ್ಲಾ ಬಂದೈತಲ್ಲ ಗಾಳೆಪ್ಪನವರ?"

"ಬರಬೇಕಾದ್ದೆಲ್ಲಾ ಬಂದೈತಿ," ಎಂದ ಗಾಳೆಪ್ಪ. ಬಹಳ ದಿನಗಳ ಮೇಲೆ ಎದೆ ಮುಂದೆ ಮಾಡಿ ಆಡಿದ ಮಾತು.

ನಾಲ್ಕೂವರೆಗೆ ಹೊಸ ಡಿಸ್ಕಿಗೆ ಟೇಪಿನದ್ದೆಲ್ಲ ಇಳಿಯಿತು. ಬಿಟ್ಟಿದ್ದ ಐದು ಕಪಾಟುಗಳೂ ಜಹಾಂಗೀರ ಹೇಳಿದ್ದ ಹಾಗೆ ತಾವಾಗಿಯೇ ಹುಟ್ಟಿ ಹೊಸ ಬಾಗಿಲ ಸಮೇತ ನಿಂತಿದ್ದವು. ಬಿಟ್ಟಿದ್ದು ಯಾರಿಗೂ ತಿಳಿಯಲೇ ಇಲ್ಲ. ಜನ ಪರದೆಗಳಿಗೆ ಮುತ್ತಿ ತಮ್ಮ ತಮ್ಮ ಸಾಮಾನು ನೋಡಿಕೊಂಡರು. ಅಂದಪ್ಪ ಆರುನೂರಾ ನಲವತ್ತು ಹೆಸರನ್ನೂ ಬೆರಳಿಟ್ಟು ಎಣಿಸಿದ. ಯಾರದೂ ಒಂದು ಸಾಲೂ ಕಳೆದಿರಲಿಲ್ಲ.

ಗಾಳೆಪ್ಪ ಹೊರಗಿನ ಕಟ್ಟೆಗೆ ಬಂದು ಅಮಾತೆಪ್ಪನನ್ನು ಬಾದಾಮಿ ಬಸ್ಸಿನ ಹೊತ್ತು ಕೇಳಿದ. ಐದೂವರೆಗೆ ಒಂದಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ಶಾರವ್ವನಿಗೆ ಅರ್ಧ ಕಿಲೋ ಕರದಂಟು ಕೊಳ್ಳಬೇಕೆಂದು ಅವನು ಯೋಚಿಸುತ್ತಿದ್ದಾಗಲೇ ಒಳಗೆ ಪ್ರಿಂಟರು ಕಿರ್ರ್ ಕಿರ್ರ್ ಎಂದು ಹಾಡತೊಡಗಿತು. ಆರ್ಡರ್ ಬರುತ್ತಿದೆ ಎಂದು ಅವನು ಓಡಿದ.

ಜಹಾಂಗೀರ ರಿಬ್ಬನ್ ಹಾಕಿ ಕೈ ಒರೆಸಿಕೊಳ್ಳುತ್ತಿದ್ದ. "ಮಸ್ತ್ ಬರಾಕ ಹತ್ತೈತ್ರಿ. ಚೆಕ್ ಮಾಡಾಕ ನಿಮ್ಮ ಕಪಾಟಿನ್ಯಾಗ ಸಣ್ಣದೊಂದು ಕಾಗದಾ ಇತ್ತು, ಅದನ್ನ ಹೊಡದೆ. ಹಾಳಿ ಮೊದಲ ಹಾಕಿಟ್ಟಿದ್ರು, ಛಲೋ ಆತು."

ಗಾಳೆಪ್ಪ ನೋಡಿದ. ಸಂಘದ ಲೆಟರ್‌ಹೆಡ್ಡು. ಬುಡದಲ್ಲಿ ಶಂಕ್ರಪ್ಪನವರ ಸಹಿ, ತಾರೀಖಿನ ಸಮೇತ. ಮೇಲೆ ಹೊಸ ರಿಬ್ಬನ್ನಿನ ಕಪ್ಪು ಅಕ್ಷರಗಳಲ್ಲಿ ಅವನದೇ ಪಟ್ಟಿ: ಡೆವ್, ಟೆಂಪ್, ಮೌಂಟ್, ಲಾಸ್ಟ್ ಅಂಡ್ ಫೌಂಡ್, ಸ್ಪೂಲ್. ಇವುಗಳನ್ನು ಬಿಡಲಾಗಿದೆ. ಗಾಳೆಪ್ಪ, ಆಪರೇಟರ್, ಇಳಕಲ್.

"ಗುಲಾಬಬಿ ಬಾಯಾರ!" ಅವನ ದನಿ ಸೀಳಿತು. "ನನ್ನ ಆರ್ಡರ್ ಎಲ್ಲೈತ್ರಿ?"

"ಮುಂಜಾನೇನ ಪ್ರಿಂಟಿಗೆ ಕಳಿಸೇನೆಲ್ರಿ. ರಿಬ್ಬನ್ ಬಂದ ಕೂಡ್ಲೇ ಬರಲಿ ಅಂತ."

"ನಿಮ್ಮ ಕಪಾಟಿನ್ಯಾಗ ಇದ್ದದ್ದು?"

"ನೀವ ಅಂದ್ರೆಲ್ರಿ, ಕಳಿಸಿದ್ರ ಮುಗೀತು, ಅಳಿಸ್ರಿ ಅಂತ. ಎಲ್ಲಾರಕಿಂತ ಮೊದಲ ನಾನ ಅಳಿಸೇನಿ."

ಪ್ರಿಂಟಿಗೆ ಕಳಿಸಿದ್ದು, ರಿಬ್ಬನ್ ಇಲ್ಲದೆ ಸರದಿ ನಿಂತಿದ್ದು, ಸರದಿ ನಿಲ್ಲುವ ಜಾಗದ ಹೆಸರು ಸ್ಪೂಲ್. ಈ ಮೂರೂ ಗಾಳೆಪ್ಪನಿಗೆ ಬೆಳಗಿನಿಂದ ಗೊತ್ತಿದ್ದವು. ಸ್ಪೂಲ್ ಅಂದರೇನೆಂದು ತನ್ನ ಕೈಯಾರೆ ಬರೆದು ಬೋರ್ಡಿಗೂ ಹಚ್ಚಿದ್ದ. ಸಿಟ್ಟಿನಲ್ಲಿ ಮೂರನ್ನೂ ಕೂಡಿಸಿ ನೋಡುವಷ್ಟು ವ್ಯವಧಾನ ಅವನಿಗೆ ಇರಲಿಲ್ಲ.

"ಮೀಟಿಂಗಿನ ಮುಂಚೇನ ಯಾಕ ಹೇಳಲಿಲ್ಲ ಬಾಯಾರ?"

"ಸ್ಪೂಲ್ ಅಂದ್ರ ಏನ್ರಿ ಅಂತ ಕೇಳಾಕ ಬಂದಿದ್ನೆಲ್ರಿ," ಎಂದಳು ಗುಲಾಬಬಿ. ಅವಳ ಕಣ್ಣಲ್ಲಿ ನೀರಿತ್ತು.

ಗೋಡೆಯ ಗಡಿಯಾರ ಐದು ಬಾರಿಸಿತು. ಹಾರ ಹಾಕಿಕೊಂಡ ಅಂದಪ್ಪ ಹತ್ತು ಜನರ ಜೊತೆ ಒಳಗೆ ಬಂದು, ಪ್ರಿಂಟರಿನ ಮೇಲಿನ ಹಾಳೆಯನ್ನು ಎತ್ತಿಕೊಂಡು, ಮೊದಲು ಸಹಿ ನೋಡಿದ, ಆಮೇಲೆ ಮೇಲಿನದನ್ನು ಓದಿದ.

"ಶಂಕ್ರಪ್ಪನವರ ಕಡೇ ಆರ್ಡರ್!" ಎಂದು ಹಾಳೆಯನ್ನು ಹಣೆಗೆ ಒತ್ತಿಕೊಂಡ. "ಐದನ್ನೂ ಬಿಡ್ರಿ ಅಂತ ಸಹಿ ಹಾಕ್ಯಾರ. ಅಧ್ಯಕ್ಷರ ಬಿಟ್ಟಾರ ಅಂದಮ್ಯಾಲ ನಾವ್ಯಾರು? ನಮ್ಮ ಠರಾವ ರದ್ದು."

"ಸಾಹೇಬ್ರ, ಅದು ನನ್ನ ವರ್ಗಾದ ಹಾಳ್ರಿ!" ಗಾಳೆಪ್ಪ ಕೈ ಮುಗಿದ. "ಅದರ ಮ್ಯಾಲ ತಪ್ಪಿ ಇದು ಬಂದೈತ್ರಿ. ಈಗ ನೀವ ಅಧ್ಯಕ್ಷರು. ಬಾದಾಮಿಗೆ ಅಂತ ಒಂದ ಸಾಲ ಬರದ ಕೊಡ್ರಿ, ನಿಮ್ಮ ಕಾಲ ಬೀಳ್ತೇನಿ."

ಅಂದಪ್ಪ ಹಾಳೆಯ ಕೊನೆಯ ಸಾಲಿಗೆ ಬೆರಳಿಟ್ಟ. "ಗಾಳೆಪ್ಪ, ಆಪರೇಟರ್, ಇಳಕಲ್. ಅದರ ಕೆಳಗ ಹಿರ್ಯಾರ ಸಹಿ. ಕುರ್ಚಿ ಮ್ಯಾಲ ಇನ್ನ ಕುಂತಿಲ್ಲ, ಅಷ್ಟರಾಗ ಅವರ ಮಾತ ಮುರಿಲೇನು? ಮತ್ತ ನಿನ್ನ ಕೈಯಾಗ ಮಂದೀದು ಒಂದ ಸಾಲೂ ಕಳೀಲಿಲ್ಲ. ಇಂಥಾ ಆಳನ್ನ ಬಾದಾಮಿಗೆ ಕೊಟ್ಟ ಕುಂದ್ರಾಕ ನನಗೇನ ಹುಚ್ಚ ಹಿಡದೈತಿ?"

"ಕಳದೈತ್ರಿ! ಕಳದೈತಿ!"

ಅಂದಪ್ಪನ ಕೈ ಹಾರದ ಮೇಲೆ ಹೋಯಿತು. "ಯಾರದು?"

"ನಂದ್ರಿ!"

"ನಿಂದಾ?" ಅಂದಪ್ಪ ನಿಟ್ಟುಸಿರು ಬಿಟ್ಟು ಹಾರ ಸರಿಮಾಡಿಕೊಂಡ. "ನಿಂದು ಬಿಡು."

ಎಲ್ಲರೂ ನಕ್ಕರು, ಪೇಢೆ ಹಂಚಿದರು. ಪಟ್ಟಿಯನ್ನು ನಾಲ್ಕು ಟಾಚಣಿ ಚುಚ್ಚಿ ಮತ್ತೆ ಬೋರ್ಡಿಗೆ ಹಚ್ಚಿದರು, ಈ ಸಲ ಸಹಿ ಸಮೇತ. ಗಾಳೆಪ್ಪ ಅದರ ಮುಂದೆ ನಿಂತಿದ್ದ. ಅಮಾತೆಪ್ಪ ಪೇಢೆಯ ತಾಟು ಹಿಡಿದು ಪಕ್ಕಕ್ಕೆ ಬಂದ.

"ಸಮಾಧಾನ ಮಾಡ್ಕೋರಿ ಸಾಹೇಬ್ರ. ಎಲ್ಲಾರನೂ ಬಿಟ್ರೂ ನಿಮ್ಮ ಹೆಸರ ಒಂದ ಬಿಟ್ಟಿಲ್ಲ ನೋಡ್ರಿ."

ಐದೂವರೆಯ ಬಸ್ಸು ಸಂಘದ ಮುಂದೆ ಹಾರ್ನು ಹೊಡೆಯಿತು. ಗಾಳೆಪ್ಪ ಓಡಿಹೋಗಿ ಕಂಡಕ್ಟರನ ಕೈಗೆ ಒಂದು ಲಕೋಟೆ ಕೊಟ್ಟ. ಬಾದಾಮಿಯಲ್ಲಿ ಶಾರವ್ವ ಟೀಚರಿಗೆ ಮುಟ್ಟಿಸು ಎಂದ. ಅದರೊಳಗೆ ಕಾಗದ ಇರಲಿಲ್ಲ. ಬಾದಾಮಿ ಶಾಖೆಯ ಗುರುತಿನ ಚೀಟಿಗೆಂದು ಹೋದ ವಾರ ತೆಗೆಸಿಟ್ಟಿದ್ದ ಅವನದೊಂದು ಫೋಟೋ ಇತ್ತು.